ಯೋಜನೆಯ ನಿರ್ವಹಣೆ: ಯಾವ ಕೆಲಸ ಕಾಯಬಲ್ಲದು, ಯಾವುದು ಕಾಯಲಾರದು?

ಅರ್ಧ ಗಂಟೆಯ ಮಾತುಕತೆಯಲ್ಲಿ ಲೆಕ್ಕ ಬಿಡಿಸಿ ತೋರಿಸುವುದು ಕಷ್ಟ. ನೀವು ಬರೆದುಕೊಳ್ಳುವ ಮೊದಲೇ ಅಂಕಿಗಳು ಪರದೆಯಿಂದ ಮರೆಯಾಗುತ್ತವೆ. ಆದ್ದರಿಂದ ಯೋಜನೆಯ ನಿರ್ವಹಣೆ ಎಂಬ ವಿಷಯದ ಲೆಕ್ಕದ ಭಾಗವನ್ನು ಈ ಪುಟಗಳಿಗೆ ಉಳಿಸಿಕೊಂಡಿದ್ದೇವೆ. ಒಂದು ಹಾಳೆ, ಒಂದು ಪೆನ್ಸಿಲು ಹತ್ತಿರ ಇಟ್ಟುಕೊಂಡು ಓದಿ.

ಯೋಜನೆ ಎಂದೊಡನೆ ಅಣೆಕಟ್ಟು, ಉಪಗ್ರಹ, ಸಾಫ್ಟ್‌ವೇರ್ ಕಂಪನಿಗಳು ನೆನಪಾಗುವುದು ಸಹಜ. ಆದರೆ ಇಷ್ಟು ದಿನದೊಳಗೆ, ಇಷ್ಟು ಹಣದಲ್ಲಿ ಇಂಥದ್ದು ಸಿದ್ಧವಾಗಬೇಕು ಎಂದು ಗೊತ್ತುಪಡಿಸಿಕೊಂಡು ಹಲವರು ಸೇರಿ ಮಾಡುವ ಪ್ರತಿಯೊಂದು ಕೆಲಸವೂ ಯೋಜನೆಯೇ. ಶಾಲೆಗೆ ಕೊಠಡಿ ಕಟ್ಟಿಸುವ ಸಮಿತಿಯ ಅಧ್ಯಕ್ಷರು, ಸಹಕಾರ ಸಂಘದ ಕಾರ್ಯದರ್ಶಿ, ತಂಗಿಯ ಮದುವೆಯ ಹೊಣೆ ಹೊತ್ತ ಅಣ್ಣ, ಇವರೆಲ್ಲ ಯೋಜನಾ ವ್ಯವಸ್ಥಾಪಕರೇ.

ಇಂಥವರಲ್ಲಿ ಅನೇಕರು ಬೆಳಗಿನಿಂದ ರಾತ್ರಿಯವರೆಗೆ ಓಡಾಡುತ್ತಾರೆ, ಎಲ್ಲರನ್ನೂ ಅವಸರಪಡಿಸುತ್ತಾರೆ. ಆದರೂ ಕೆಲಸ ತಡವಾಗುತ್ತದೆ. ಇದಕ್ಕೆ ಕಾರಣ ಶ್ರಮದ ಕೊರತೆಯಲ್ಲ. ಎಲ್ಲ ಕೆಲಸಗಳೂ ಒಂದೇ ಸಮನಾಗಿ ತುರ್ತಿನವು ಎಂದು ಭಾವಿಸಿರುವುದೇ ಕಾರಣ. ಯಾವ ಕೆಲಸ ಕಾಯಬಲ್ಲದು, ಯಾವುದು ಕಾಯಲಾರದು ಎಂಬುದನ್ನು ಮೊದಲೇ ಗುರುತಿಸುವುದು ವ್ಯವಸ್ಥಾಪಕನ ಮೊದಲ ಕೌಶಲ. ಇದು ಹುಟ್ಟಿನಿಂದ ಬರುವ ಜಾಣತನವಲ್ಲ, ಕೂಡುವ ಕಳೆಯುವ ಲೆಕ್ಕ.

ಲೆಕ್ಕದ ಹುಟ್ಟು

ಈ ವಿಧಾನ ರೂಪುಗೊಂಡದ್ದು ಅಮೆರಿಕದಲ್ಲಿ. 1957ರ ಸುಮಾರಿಗೆ ಡ್ಯುಪಾಂಟ್ ಎಂಬ ರಾಸಾಯನಿಕ ಕಂಪನಿ ತನ್ನ ಕಾರ್ಖಾನೆಗಳ ನಿರ್ಮಾಣ ಮತ್ತು ದುರಸ್ತಿಗಾಗಿ ಇದನ್ನು ಬೆಳೆಸಿತು. 1958ರಲ್ಲಿ ಅಲ್ಲಿನ ನೌಕಾಪಡೆ ಪೊಲಾರಿಸ್ ಕ್ಷಿಪಣಿ ಯೋಜನೆಗಾಗಿ ‘ಪರ್ಟ್’ ಎಂಬ ಇಂಥದ್ದೇ ವಿಧಾನವನ್ನು ರೂಪಿಸಿತು. ಎರಡರ ತಿರುಳೂ ಒಂದೇ. ಕೆಲಸವನ್ನು ಭಾಗಗಳಾಗಿ ಒಡೆಯಬೇಕು, ಯಾವುದರ ನಂತರ ಯಾವುದು ಎಂದು ಜೋಡಿಸಬೇಕು, ಅವುಗಳಲ್ಲಿ ಅತಿ ಉದ್ದವಾದ ಸರಪಳಿಯನ್ನು ಕಂಡುಹಿಡಿಯಬೇಕು. ಆ ಸರಪಳಿಯನ್ನು ಕ್ರಿಟಿಕಲ್ ಪಾತ್ ಎಂದು ಕರೆದರು. ನಾವು ನಿರ್ಣಾಯಕ ಹಾದಿ ಎನ್ನೋಣ.

ಒಂದು ಕೊಠಡಿಯ ಲೆಕ್ಕ

ಹಳ್ಳಿಯೊಂದರ ಶಾಲೆಗೆ ಒಂದು ಕೊಠಡಿ ಬೇಕಾಗಿದೆ. ಮಕ್ಕಳು ಜಗಲಿಯಲ್ಲಿ ಕೂರುತ್ತಿದ್ದಾರೆ. ಜೂನ್ 1ಕ್ಕೆ ಶಾಲೆ ಆರಂಭ, ಅದರ ಹಿಂದೆಯೇ ಮಳೆ. ಕೆಲಸಗಳ ಪಟ್ಟಿ ಹೀಗಿದೆ ಎಂದು ಇಟ್ಟುಕೊಳ್ಳೋಣ.

1. ಪಾಯ ಅಗೆದು ಕಟ್ಟುವುದು: 12 ದಿನ
2. ಬಾಗಿಲು, ಕಿಟಕಿಗಳ ಚೌಕಟ್ಟು ಮಾಡಿಸುವುದು: 10 ದಿನ
3. ಗೋಡೆ ಎಬ್ಬಿಸುವುದು: 15 ದಿನ
4. ಸೆಂಟ್ರಿಂಗ್, ಕಂಬಿ ಕಟ್ಟುವುದು, ತಾರಸಿಗೆ ಕಾಂಕ್ರೀಟು ಹಾಕುವುದು: 8 ದಿನ
5. ತಾರಸಿಗೆ ನೀರುಣಿಸಿ, ಸೆಂಟ್ರಿಂಗ್ ಬಿಚ್ಚುವುದು: 14 ದಿನ
6. ಗೋಡೆಗೆ ಗಾರೆ, ನೆಲ: 14 ದಿನ
7. ಬಾಗಿಲು, ಕಿಟಕಿಗಳ ಕದ ಮಾಡಿಸುವುದು: 20 ದಿನ
8. ಕದ ಕೂರಿಸಿ ಬಣ್ಣ ಬಳಿಯುವುದು: 6 ದಿನ

ಎಲ್ಲವನ್ನೂ ಕೂಡಿದರೆ 99 ದಿನ. ಆದರೆ ಕೊಠಡಿಗೆ ಅಷ್ಟು ದಿನ ಬೇಕಾಗಿಲ್ಲ. ಗಾರೆ ಕೆಲಸದವರು ಪಾಯ ಕಟ್ಟುತ್ತಿರುವಾಗಲೇ ಬಡಗಿ ತನ್ನ ಮನೆಯಲ್ಲಿ ಚೌಕಟ್ಟು ಮಾಡುತ್ತಿರಬಹುದು. ಒಂದರ ನಂತರ ಒಂದು ಬರಲೇಬೇಕಾದವು ಪಾಯ, ಗೋಡೆ, ತಾರಸಿ, ನೀರುಣಿಸುವುದು, ಗಾರೆ ಮತ್ತು ನೆಲ, ಬಣ್ಣ. 12, 15, 8, 14, 14, 6 ಕೂಡಿದರೆ 69 ದಿನ. ಇದೇ ನಿರ್ಣಾಯಕ ಹಾದಿ. ಇದರಲ್ಲಿ ಯಾವುದೊಂದು ಒಂದು ದಿನ ತಡವಾದರೂ ಕೊಠಡಿ ಒಂದು ದಿನ ತಡವಾಗುತ್ತದೆ.

ಈಗ ಬಡಗಿಯ ಎರಡು ಕೆಲಸಗಳನ್ನು ನೋಡಿ. 10ನೆಯ ದಿನ ಚೌಕಟ್ಟು ಮುಗಿಸಿ ಆತ ಕದ ಹಿಡಿದರೆ 30ನೆಯ ದಿನಕ್ಕೆ ಸಿದ್ಧ. ಅವು ಬೇಕಾಗುವುದು ಬಣ್ಣದ ಹೊತ್ತಿಗೆ, ಅಂದರೆ 63 ದಿನ ಕಳೆದ ಮೇಲೆ. ಆದ್ದರಿಂದ ಕದಗಳಿಗೆ 33 ದಿನಗಳ ಬಿಡುವು ಇದೆ. ಚೌಕಟ್ಟಿನ ಮಾತು ಬೇರೆ. ಗೋಡೆ ಆರಂಭಿಸುವ ಹೊತ್ತಿಗೆ ಅದು ಇರಬೇಕು. ಅದಕ್ಕಿರುವ ಬಿಡುವು ಕೇವಲ 2 ದಿನ. ಕದಗಳು 20 ದಿನ ತಡವಾದರೂ ಜೂನ್ ಒಂದಕ್ಕೆ ಬಾಧೆಯಿಲ್ಲ. ಚೌಕಟ್ಟು 5 ದಿನ ತಡವಾದರೆ ಕೊಠಡಿ 3 ದಿನ ತಡ. ಬಡಗಿ ಒಬ್ಬನೇ, ಮರವೂ ಒಂದೇ, ಆದರೆ ಒಂದು ವಿಳಂಬವನ್ನು ನಕ್ಕು ಬಿಡಬಹುದು, ಇನ್ನೊಂದಕ್ಕೆ ಮಾರನೆಯ ದಿನವೇ ಬಡಗಿಯ ಮನೆಗೆ ಹೋಗಬೇಕು.

ಕೊನೆಯಿಂದ ಹಿಂದಕ್ಕೆ ಎಣಿಸಿ

ಮೇ 31ರಿಂದ ಹಿಂದಕ್ಕೆ ಎಣಿಸಿದರೆ 69ನೆಯ ದಿನ ಮಾರ್ಚ್ 24. ಅಂದು ಗುದ್ದಲಿ ಬೀಳದಿದ್ದರೆ, ಮುಂದೆ ಯಾರು ಎಷ್ಟೇ ಓಡಾಡಿದರೂ ಕೊಠಡಿ ತಡವೇ. ಈ 69ರಲ್ಲಿ ರಜೆಯ ಲೆಕ್ಕವೂ ಸೇರಿಲ್ಲ. ಯುಗಾದಿ ಬರುವುದು ಸಾಮಾನ್ಯವಾಗಿ ಈ ಅವಧಿಯಲ್ಲೇ. ಆಳುಗಳು ಊರಿಗೆ ಹೋದರೆ ನಾಲ್ಕು ದಿನ ಬರುವುದಿಲ್ಲ. ಬೇಸಿಗೆಯ ಅಡ್ಡಮಳೆ, ಮರಳು ಬಾರದಿರುವುದು ಇವೆಲ್ಲಕ್ಕೂ ಹತ್ತು ಹದಿನೈದು ದಿನ ಇಟ್ಟುಕೊಂಡರೆ ಮಾರ್ಚ್ ಮೊದಲ ವಾರದಲ್ಲೇ ಕೆಲಸ ಹಿಡಿಯಬೇಕೆಂದು ತಿಳಿಯುತ್ತದೆ.

ದೂರದರ್ಶನದ ಕಾರ್ಯಕ್ರಮಗಳನ್ನೂ ನಾವು ಹೀಗೆಯೇ ಎಣಿಸುತ್ತೇವೆ. ಪ್ರಸಾರದ ಗಂಟೆಯನ್ನು ಮುಂದೂಡುವಂತಿಲ್ಲ. ಹಾಗಾಗಿ ಸಂಕಲನ ಯಾವಾಗ ಮುಗಿಯಬೇಕು, ಅದಕ್ಕೆ ಮೊದಲು ಚಿತ್ರೀಕರಣ ಯಾವಾಗ, ಅತಿಥಿಗಳ ಒಪ್ಪಿಗೆ ಯಾವಾಗ ಎಂದು ಹಿಂದಕ್ಕೆ ಸಾಗುವುದೊಂದೇ ದಾರಿ.

ಹಿಂದಕ್ಕೆ ಎಣಿಸುವುದರಿಂದ ಇನ್ನೊಂದು ಪ್ರಯೋಜನವಿದೆ. ಮರೆತುಹೋದ ಕೆಲಸಗಳು ಕಣ್ಣಿಗೆ ಬೀಳುತ್ತವೆ. ಫ್ಯಾನು ತಿರುಗಬೇಕಾದರೆ ತಾರಸಿಯೊಳಗೆ ವಿದ್ಯುತ್ ಪೈಪು, ಕೊಕ್ಕೆ ಇರಬೇಕು. ಅವನ್ನು ಕಾಂಕ್ರೀಟು ಬೀಳುವ ಮುನ್ನವೇ ಇಡಬೇಕು. ಎಲೆಕ್ಟ್ರಿಷಿಯನ್ ಕೆಲಸ ಕೊನೆಯದು ಎಂದುಕೊಂಡವರು ಹೊಸ ತಾರಸಿಯನ್ನು ಕೊರೆಸಬೇಕಾಗುತ್ತದೆ.

ಕೊಂಕಣ ರೈಲಿನ ಪಾಠ

ಇದೇ ಲೆಕ್ಕ ದೊಡ್ಡ ಯೋಜನೆಗಳಿಗೂ ಅನ್ವಯಿಸುತ್ತದೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನವರೆಗಿನ ಕೊಂಕಣ ರೈಲುಮಾರ್ಗಕ್ಕಾಗಿ 1990ರಲ್ಲಿ ಪ್ರತ್ಯೇಕ ನಿಗಮ ಸ್ಥಾಪನೆಯಾಯಿತು. ಇ. ಶ್ರೀಧರನ್ ಅದರ ಮುಖ್ಯಸ್ಥರಾದರು. ಕೆಲಸವನ್ನು ಭಾಗಗಳಾಗಿ ವಿಂಗಡಿಸಿ ಅನೇಕ ಕಡೆ ಏಕಕಾಲದಲ್ಲಿ ನಡೆಸಲಾಯಿತು. ಮಂಗಳೂರು ಮತ್ತು ಉಡುಪಿಯ ನಡುವೆ 1993ರಲ್ಲೇ ರೈಲು ಓಡಿತು. ಹೊನ್ನಾವರದ ಬಳಿ ಶರಾವತಿಗೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಬಂತು.

ಆದರೆ ಮುಂಬಯಿಯಿಂದ ಮಂಗಳೂರಿಗೆ ನೇರ ಸಂಚಾರ ಆರಂಭವಾದದ್ದು 1998ರ ಜನವರಿ 26ರಂದು. 1997ರ ವೇಳೆಗೆ ಉತ್ತರದಿಂದ ಸಾವಂತವಾಡಿಯವರೆಗೆ, ದಕ್ಷಿಣದಿಂದ ಗೋವಾದ ಪೆರ್ನೆಮ್‌ವರೆಗೆ ಮಾರ್ಗ ಸಿದ್ಧವಾಗಿತ್ತು. ತಡೆದು ನಿಲ್ಲಿಸಿದ್ದು ಪೆರ್ನೆಮ್ ಬಳಿಯ ಒಂದು ಸುರಂಗ. ಗಟ್ಟಿ ಬಂಡೆಯಲ್ಲಿ ಸುರಂಗ ಕೊರೆಯುವುದಕ್ಕಿಂತ ನೀರು ತುಂಬಿದ ಮೆದು ಮಣ್ಣಿನಲ್ಲಿ ಕೊರೆಯುವುದು ಕಷ್ಟ. ಅಗೆದದ್ದು ಮತ್ತೆ ಮತ್ತೆ ಕುಸಿಯುತ್ತಿತ್ತು. ನೂರಾರು ಕಿಲೋಮೀಟರು ಹಳಿ ಸಿದ್ಧವಿದ್ದರೂ ನೇರ ರೈಲಿನ ದಿನವನ್ನು ನಿರ್ಧರಿಸಿದ್ದು ಆ ಸುರಂಗ. ಸಿದ್ಧವಾದ ಭಾಗಗಳಲ್ಲಿ ರೈಲು ಓಡಿಸುತ್ತ ಹೋದದ್ದರಿಂದ ಜನರಿಗೆ ಅಷ್ಟರಮಟ್ಟಿಗೆ ಪ್ರಯೋಜನ ಮೊದಲೇ ದೊರೆಯಿತು ಎಂಬುದನ್ನೂ ಗಮನಿಸಬೇಕು.

ಆಳು ಹೆಚ್ಚಿಸಿದರೆ ಸಾಕೆ?

ತಡವಾದಾಗ ಎಲ್ಲರಿಗೂ ಹೊಳೆಯುವ ಉಪಾಯ ಇನ್ನಷ್ಟು ಆಳು ಹಾಕುವುದು. ಗೋಡೆ ಕಟ್ಟಲು ಮತ್ತೊಬ್ಬ ಮೇಸ್ತ್ರಿ ಬಂದರೆ ಹದಿನೈದು ದಿನದಲ್ಲಿ ಮೂರು ನಾಲ್ಕು ದಿನ ಉಳಿಯಬಹುದು. ಆದರೆ ತಾರಸಿಗೆ ನೀರುಣಿಸುವ ಹದಿನಾಲ್ಕು ದಿನವನ್ನು ಆಳು ಹಾಕಿ ಕಡಿಮೆ ಮಾಡಲಾಗದು. ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ನೀರಿನೊಡನೆ ನಡೆಯುವ ರಾಸಾಯನಿಕ ಕ್ರಿಯೆಯಿಂದ ಅದು ಗಟ್ಟಿಯಾಗುತ್ತದೆ, ಆ ಕ್ರಿಯೆಗೆ ಕಾಲ ಬೇಕು. ಕಾಂಕ್ರೀಟಿನ ಬಲವನ್ನು 28 ದಿನಗಳ ನಂತರ ಪರೀಕ್ಷಿಸುವ ಪದ್ಧತಿ ಇರುವುದೂ ಇದಕ್ಕಾಗಿಯೇ. ಅವಸರದಲ್ಲಿ ಸೆಂಟ್ರಿಂಗ್ ಬಿಚ್ಚಿದರೆ ಅಪಾಯ ಆ ತಾರಸಿಯ ಕೆಳಗೆ ಕೂರುವ ಮಕ್ಕಳಿಗೆ.

ಬುದ್ಧಿಯ ಕೆಲಸದಲ್ಲಿ ಆಳು ಹೆಚ್ಚಿಸುವುದು ಇನ್ನೂ ತೊಡಕಿನದು. ಐಬಿಎಂ ಕಂಪನಿಯಲ್ಲಿ ದೊಡ್ಡ ಸಾಫ್ಟ್‌ವೇರ್ ಯೋಜನೆಯೊಂದನ್ನು ನಡೆಸಿದ್ದ ಫ್ರೆಡರಿಕ್ ಬ್ರೂಕ್ಸ್ 1975ರ ತಮ್ಮ ಪುಸ್ತಕದಲ್ಲಿ, ತಡವಾದ ಸಾಫ್ಟ್‌ವೇರ್ ಯೋಜನೆಗೆ ಜನರನ್ನು ಸೇರಿಸಿದರೆ ಅದು ಇನ್ನಷ್ಟು ತಡವಾಗುತ್ತದೆ ಎಂದು ತೋರಿಸಿಕೊಟ್ಟರು. ಹೊಸಬರಿಗೆ ಕಲಿಸಬೇಕಾದವರು ಹಳಬರೇ, ಅವರ ಕೆಲಸ ಅಷ್ಟು ಹೊತ್ತು ನಿಲ್ಲುತ್ತದೆ. ಐವರ ತಂಡದಲ್ಲಿ ಪರಸ್ಪರ ಮಾತಾಡಬೇಕಾದ ಜೋಡಿಗಳು 10, ಹತ್ತು ಜನರಾದರೆ 45. ಜನ ಇಮ್ಮಡಿಯಾದರೆ ಮಾತು ನಾಲ್ಕು ಪಟ್ಟಿಗೂ ಮಿಕ್ಕುತ್ತದೆ.

ಕೇಳುವ ಪ್ರಶ್ನೆ ಬದಲಾಯಿಸಿ

ಲೆಕ್ಕ ಹಾಕಿದರಷ್ಟೇ ಸಾಲದು. ನಿಜವಾದ ಸುದ್ದಿ ನಿಮಗೆ ತಲುಪಬೇಕು. ‘ಎಷ್ಟು ಆಯಿತು?’ ಎಂದು ಕೇಳಿದರೆ ‘ಮುಕ್ಕಾಲು ಪಾಲು ಆಯಿತು ಸಾರ್’ ಎಂಬ ಉತ್ತರ ಬರುತ್ತದೆ. ಮುಂದಿನ ವಾರವೂ ಅದೇ ಉತ್ತರ. ಅದರ ಬದಲು ‘ಇನ್ನು ಎಷ್ಟು ದಿನ ಬೇಕು? ನಿಮಗೆ ಯಾರಿಂದ ಏನು ಬರಬೇಕಾಗಿದೆ?’ ಎಂದು ಕೇಳಿ. ಆಗ ಮರಳು ಬಂದಿಲ್ಲ, ಮುಂಗಡ ಸಿಕ್ಕಿಲ್ಲ ಎಂಬ ಸತ್ಯ ಹೊರಬೀಳುತ್ತದೆ.

ಕೆಟ್ಟ ಸುದ್ದಿ ತಂದವರನ್ನು ಗದರಿಸಬೇಡಿ. ಒಮ್ಮೆ ಗದರಿಸಿದರೆ ಮುಂದಿನ ಬಾರಿ ಆ ಸುದ್ದಿ ನಿಮಗೆ ತಿಳಿಯುವುದು ಬಿಡುವಿನ ದಿನಗಳೆಲ್ಲ ಕರಗಿದ ಮೇಲೆ. ಎರಡು ದಿನ ಮೊದಲೇ ತಿಳಿದ ವಿಳಂಬಕ್ಕೆ ಪರಿಹಾರ ಹುಡುಕಬಹುದು.

ವಾರಕ್ಕೊಮ್ಮೆ ಪಟ್ಟಿಯನ್ನು ಮತ್ತೆ ಲೆಕ್ಕ ಹಾಕಿ. ನಿರ್ಣಾಯಕ ಹಾದಿ ಬದಲಾಗುತ್ತದೆ. ಬಿಡುವಿದ್ದ ಕೆಲಸವೊಂದು ಬಿಡುವನ್ನೆಲ್ಲ ತಿಂದುಹಾಕಿದರೆ, ಅಂದಿನಿಂದ ಅದೇ ನಿರ್ಣಾಯಕ.

ಈಗ ನಿಮ್ಮ ಕೈಯಲ್ಲಿರುವ ಒಂದು ಕೆಲಸವನ್ನು ತೆಗೆದುಕೊಳ್ಳಿ. ಅದರ ಭಾಗಗಳನ್ನು, ಪ್ರತಿಯೊಂದಕ್ಕೂ ಬೇಕಾದ ದಿನಗಳನ್ನು, ಅದಕ್ಕೆ ಮೊದಲು ಮುಗಿಯಬೇಕಾದ್ದನ್ನು ಬರೆಯಿರಿ. ಅತಿ ಉದ್ದದ ಸರಪಳಿಯ ಕೆಳಗೆ ಗೆರೆ ಎಳೆಯಿರಿ. ನಾಳೆ ಬೆಳಿಗ್ಗೆ ಮೊದಲು ಹೋಗಿ ನೋಡಬೇಕಾದ್ದು ಆ ಗೆರೆಯ ಮೇಲಿರುವ ಕೆಲಸವನ್ನು.