ದೇಶಭಕ್ತಿಯ ಹಚ್ಚೆ ಮತ್ತು ಚರ್ಮದ ಆರೋಗ್ಯ

ತುಮಕೂರು ನಗರದಲ್ಲಾಗಲಿ, ಗುಬ್ಬಿ ಮತ್ತು ಕುಣಿಗಲ್ ಪಟ್ಟಣಗಳಲ್ಲಾಗಲಿ ತರುಣರ ತೋಳುಗಳನ್ನು ಗಮನಿಸಿದವರಿಗೆ ಈಚಿನ ವರ್ಷಗಳ ಒಂದು ಬದಲಾವಣೆ ಕಾಣದೆ ಇರದು. ತಾಯಿಯ ಹೆಸರು, ಮನೆದೇವರ ಚಿತ್ರಗಳ ಜೊತೆಗೆ ತ್ರಿವರ್ಣ ಧ್ವಜ, ಭಾರತದ ಭೂಪಟ, 'ಜೈ ಹಿಂದ್' ಎಂಬ ಬರಹ, ಹಳದಿ-ಕೆಂಪು ಬಣ್ಣದ ಕನ್ನಡ ಬಾವುಟ, ಬಂದೂಕು ಹಿಡಿದ ಯೋಧನ ಆಕೃತಿ ಇವೆಲ್ಲವೂ ಹಚ್ಚೆಯ ರೂಪದಲ್ಲಿ ಮೂಡುತ್ತಿವೆ. ನಾಡಿನ ಮೇಲಿನ ಪ್ರೀತಿಯನ್ನು ಮೈಮೇಲೆ ಬರೆಸಿಕೊಳ್ಳಬೇಕೆಂಬ ತರುಣರ ಹಂಬಲದಲ್ಲಿ ತಪ್ಪು ಹುಡುಕುವುದು ಈ ಲೇಖನದ ಉದ್ದೇಶವಲ್ಲ. ಆದರೆ ದೇಶಭಕ್ತಿಯ ಹಚ್ಚೆಗೆಂದು ಅವರು ಆರಿಸಿಕೊಳ್ಳುವ ಬಣ್ಣಗಳು ಹಾಗೂ ಆರಿಸಿಕೊಳ್ಳುವ ಅಂಗಭಾಗಗಳು, ಇವೆರಡೂ ವೈದ್ಯಕೀಯ ದೃಷ್ಟಿಯಿಂದ ಹೆಚ್ಚು ತೊಂದರೆ ಕೊಡುವಂಥವು ಎಂಬುದನ್ನು ಸದ್ಭಕ್ತರ ಗಮನಕ್ಕೆ ತರಬೇಕಾಗಿದೆ. ಅದರಲ್ಲೂ ಸೈನ್ಯಕ್ಕೆ ಸೇರಬೇಕೆಂದು ಕನಸು ಕಾಣುವ ಹುಡುಗರ ತಂದೆತಾಯಿಗಳು ಇದನ್ನು ಅವಶ್ಯವಾಗಿ ಓದಬೇಕು.

ಹಚ್ಚೆ ನಮಗೆ ಹೊಸದೇನಲ್ಲ. ನಮ್ಮ ಅಜ್ಜಿಯರ ಮುಂಗೈ, ಹಣೆ, ಗಲ್ಲಗಳ ಮೇಲೆ ಹಸಿರುಗಪ್ಪು ಚುಕ್ಕೆ ಹಾಗೂ ರೇಖೆಗಳಿರುತ್ತಿದ್ದವು. ಊರೂರು ಸುತ್ತುತ್ತಿದ್ದ ಕೊರವಂಜಿಯರು ದೀಪದ ಕಾಡಿಗೆಯನ್ನು ಎಲೆಯ ರಸದಲ್ಲೋ ಎದೆಹಾಲಿನಲ್ಲೋ ಕಲಸಿ, ಸೂಜಿಗಳಿಂದ ಚುಚ್ಚಿ, ನೋವು ಮರೆಯಲೆಂದು ಹಾಡು ಹೇಳುತ್ತ ಹಚ್ಚೆ ಹಾಕುತ್ತಿದ್ದರು. ಆ ಪದ್ಧತಿ ನಿರಪಾಯವಾಗಿತ್ತು ಎಂದು ಯಾರೂ ಭಾವಿಸಬೇಕಿಲ್ಲ. ಒಂದೇ ಸೂಜಿ ಹತ್ತಾರು ಮನೆಗಳನ್ನು ಸುತ್ತುತ್ತಿತ್ತು. ಆದರೆ ಅದರ ಬಣ್ಣ ಒಂದೇ, ಅದೂ ಬರಿಯ ಇಂಗಾಲದ ಮಸಿ. ಇಂದಿನ ಧ್ವಜದ ಹಚ್ಚೆಗೆ ಕೇಸರಿ, ಬಿಳಿ, ಹಸಿರು, ನೀಲಿ ಎಂಬ ನಾಲ್ಕು ಬಣ್ಣಗಳು ಬೇಕು. ಕನ್ನಡ ಬಾವುಟಕ್ಕೆ ಅರಿಶಿನ ಮತ್ತು ಕುಂಕುಮದ ಬಣ್ಣಗಳು ಬೇಕು. ವ್ಯತ್ಯಾಸವಿರುವುದು ಇಲ್ಲಿಯೇ.

ನಮ್ಮ ಚರ್ಮದ ಹೊರಪದರವು ಸುಮಾರು ಒಂದು ತಿಂಗಳಿಗೊಮ್ಮೆ ಸವೆದು ಹೊಸದಾಗುತ್ತಿರುತ್ತದೆ. ಆದ್ದರಿಂದ ಬಣ್ಣವು ಶಾಶ್ವತವಾಗಿ ನಿಲ್ಲಬೇಕಾದರೆ ಅದನ್ನು ಒಂದರಿಂದ ಎರಡು ಮಿಲಿಮೀಟರ್ ಆಳದ ಒಳಪದರಕ್ಕೆ ಇಳಿಸಬೇಕಾಗುತ್ತದೆ. ಯಂತ್ರದ ಸೂಜಿ ನಿಮಿಷಕ್ಕೆ ಸಾವಿರಾರು ಸಲ ಚುಚ್ಚಿ ಈ ಕೆಲಸ ಮಾಡುತ್ತದೆ. ಒಳಗೆ ಬಂದ ಬಣ್ಣವನ್ನು ದೇಹವು ಪರಕೀಯ ವಸ್ತುವೆಂದು ಗುರುತಿಸಿ, ಭಕ್ಷಕ ಕೋಶಗಳನ್ನು ಕಳುಹಿಸುತ್ತದೆ. ಅವು ಬಣ್ಣದ ಕಣಗಳನ್ನು ನುಂಗುತ್ತವೆ, ಆದರೆ ಜೀರ್ಣಿಸಿಕೊಳ್ಳಲಾರವು. 2018ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಇಲಿಗಳಲ್ಲಿ ನಡೆಸಿದ ಅಧ್ಯಯನವು, ಒಂದು ಕೋಶ ಸತ್ತಾಗ ಹೊರಬೀಳುವ ಬಣ್ಣವನ್ನು ಪಕ್ಕದ ಹೊಸ ಕೋಶ ಮತ್ತೆ ನುಂಗುತ್ತದೆ ಎಂಬುದನ್ನು ತೋರಿಸಿತು. ನಾವು ಅಳಿಯದ ಚಿತ್ರವೆಂದು ಕರೆಯುವುದು ವಾಸ್ತವವಾಗಿ ಮುಗಿಯದ ಒಂದು ಹೋರಾಟ. ಕೆಲವು ಕಣಗಳು ಅಲ್ಲಿಯೇ ನಿಲ್ಲದೆ ಕಂಕುಳು ಮೊದಲಾದೆಡೆಯ ದುಗ್ಧಗ್ರಂಥಿಗಳನ್ನು ಸೇರಿ ಅವುಗಳಿಗೂ ಬಣ್ಣ ಹಿಡಿಸುತ್ತವೆ.

ಈ ಬಣ್ಣಗಳಲ್ಲಿ ಅಲರ್ಜಿಗೆ ಹೆಸರಾದದ್ದು ಕೆಂಪು. ಕೆಂಪು, ಕಿತ್ತಳೆ, ಹಳದಿ ಶಾಯಿಗಳಲ್ಲಿ ಬಹುಪಾಲು ಅಜೋ ಎಂಬ ರಾಸಾಯನಿಕ ವರ್ಗಕ್ಕೆ ಸೇರಿದವು. ಹಚ್ಚೆ ಹಾಕಿಸಿಕೊಂಡ ತಿಂಗಳುಗಳ ಅಥವಾ ವರ್ಷಗಳ ನಂತರವೂ ಆ ಬಣ್ಣವಿರುವ ಭಾಗ ಮಾತ್ರ ಉಬ್ಬಿ, ತುರಿಸಿ, ಗಂಟುಕಟ್ಟುವುದುಂಟು. ಕಪ್ಪು ಗೆರೆ ಶಾಂತವಾಗಿದ್ದು, ಪಕ್ಕದ ಕೇಸರಿ ಪಟ್ಟಿ ಮಾತ್ರ ದಪ್ಪಗಾದರೆ ಅದು ಅಲರ್ಜಿಯ ಸ್ಪಷ್ಟ ಸೂಚನೆ. ಯುರೋಪಿಯನ್ ಒಕ್ಕೂಟವು 2022ರ ಜನವರಿಯಿಂದ ಹಚ್ಚೆ ಶಾಯಿಯಲ್ಲಿನ ಸಾವಿರಾರು ರಾಸಾಯನಿಕಗಳಿಗೆ ಮಿತಿ ಹೇರಿತು. ಬಹುಬಳಕೆಯ ಒಂದು ನೀಲಿ ಮತ್ತು ಒಂದು ಹಸಿರು ವರ್ಣಕ್ಕೆ 2023ರ ಜನವರಿಯಿಂದ ನಿರ್ಬಂಧ ಬಂತು. ನಮ್ಮ ರಾಜ್ಯದಲ್ಲಿಯೂ ಹಚ್ಚೆ ಶಾಯಿಯ ಮಾದರಿಗಳಲ್ಲಿ ಲೋಹಾಂಶಗಳು ಕಂಡುಬಂದಿರುವುದಾಗಿ 2025ರಲ್ಲಿ ಆರೋಗ್ಯ ಸಚಿವರಾದ ದಿನೇಶ್ ಗುಂಡೂರಾವ್ ಅವರು ತಿಳಿಸಿ, ಇದಕ್ಕೆ ನಿಯಮಾವಳಿ ಬೇಕೆಂದು ಹೇಳಿದ್ದರು.

ಶಾಯಿಗಿಂತಲೂ ತುರ್ತಾಗಿ ಯೋಚಿಸಬೇಕಾದದ್ದು ಸೂಜಿಯ ವಿಚಾರ. ಗುಬ್ಬಿಯ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆ, ಎಡೆಯೂರು ಸಿದ್ಧಲಿಂಗೇಶ್ವರ ಸ್ವಾಮಿಯ ಜಾತ್ರೆ ಮೊದಲಾದ ಸಂದರ್ಭಗಳಲ್ಲಿ ಸಾವಿರಾರು ಜನ ಸೇರುತ್ತಾರೆ. ಎಲ್ಲೇ ಆಗಲಿ, ಜಾತ್ರೆ ಎಂದ ಮೇಲೆ ಬ್ಯಾಟರಿ ಯಂತ್ರವಿಟ್ಟುಕೊಂಡು ರಸ್ತೆಬದಿಯಲ್ಲಿ ಹಚ್ಚೆ ಹಾಕುವವರು ಇರುವುದು ವಾಡಿಕೆ. ಸರದಿಯಲ್ಲಿ ನಿಂತ ಹತ್ತು ಜನರಿಗೆ ಒಂದೇ ಸೂಜಿ, ಒಂದೇ ಶಾಯಿ ಬಟ್ಟಲು ಬಳಕೆಯಾದರೆ, ಮೊದಲನೆಯವನ ರಕ್ತ ಹತ್ತನೆಯವನ ಮೈಸೇರುತ್ತದೆ. ನಡುವೆ ಬಟ್ಟೆಯಿಂದ ಒರೆಸುವುದರಿಂದಾಗಲಿ, ಸ್ಪಿರಿಟ್ಟಿನಲ್ಲಿ ಅದ್ದುವುದರಿಂದಾಗಲಿ ಸೂಜಿ ಶುದ್ಧವಾಗುವುದಿಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ, ಒಣಗಿದ ರಕ್ತದಲ್ಲಿಯೂ ಕನಿಷ್ಠ ಏಳು ದಿನ ಬದುಕಿರಬಲ್ಲದು. ಹೆಪಟೈಟಿಸ್ ಸಿ ಮತ್ತು ಎಚ್‌ಐವಿ ಸೋಂಕುಗಳಿಗೂ ಇದೇ ಹಾದಿ. ಜನ ಎಚ್‌ಐವಿಗೆ ಹೆದರಿದಷ್ಟು ಹೆಪಟೈಟಿಸ್‌ಗೆ ಹೆದರುವುದಿಲ್ಲ. ಹೆಪಟೈಟಿಸ್ ಬಿ ಅದಕ್ಕಿಂತ ಬಹಳ ಸುಲಭವಾಗಿ ಹರಡುತ್ತದೆ ಎಂಬುದು ಹಲವರಿಗೆ ಹೊಸ ಸಂಗತಿಯಾಗಬಹುದು. ಯಾವ ಲಕ್ಷಣವನ್ನೂ ತೋರದೆ ವರ್ಷಗಟ್ಟಲೆ ಯಕೃತ್ತನ್ನು ಸವೆಸುವುದು ಈ ರೋಗಗಳ ಸ್ವಭಾವ.

ಹೊಸ ಸೂಜಿ ಬಳಸಿದರೂ ನೀರು ಕೆಡಿಸಬಹುದು. 2011ರ ಕೊನೆ ಹಾಗೂ 2012ರ ಆರಂಭದಲ್ಲಿ ಅಮೆರಿಕದ ರಾಚೆಸ್ಟರ್ ನಗರದಲ್ಲಿ ಹತ್ತೊಂಬತ್ತು ಜನರಿಗೆ ಹಚ್ಚೆಯ ಜಾಗದಲ್ಲಿ ಕ್ಷಯರೋಗಾಣುವಿನ ಬಳಗಕ್ಕೆ ಸೇರಿದ ಒಂದು ಸೂಕ್ಷ್ಮಾಣುವಿನ ಸೋಂಕು ತಗಲಿತು. ಕಾರಣ ಹುಡುಕಿದಾಗ, ಮೊದಲೇ ತೆಳುಗೊಳಿಸಿ ಮಾರಾಟ ಮಾಡಿದ್ದ ಬೂದುಬಣ್ಣದ ಶಾಯಿ ಕಲುಷಿತವಾಗಿದ್ದುದು ಬೆಳಕಿಗೆ ಬಂತು. ನಲ್ಲಿಯ ನೀರಿನಿಂದ ಶಾಯಿಯನ್ನು ತೆಳುಗೊಳಿಸುವ ಅಂಗಡಿಯಿಂದ ಎದ್ದುಬರುವುದೇ ಲೇಸು.

ಇನ್ನು ಸೈನ್ಯದ ವಿಚಾರ. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ಹದಿನೇಳೂವರೆ ವರ್ಷ ತುಂಬಿದ ಹುಡುಗರು ಅಗ್ನಿವೀರರಾಗಲು ಓಟದ ಅಭ್ಯಾಸ ಮಾಡುವುದನ್ನು ನಮ್ಮ ಊರುಗಳ ಮೈದಾನಗಳಲ್ಲಿ ಬೆಳಗಿನ ಜಾವ ಕಾಣಬಹುದು. ಇವರಲ್ಲಿ ಕೆಲವರು ಉತ್ಸಾಹದಿಂದ ಎದೆಯ ಮೇಲೆ ಭೂಪಟವನ್ನೋ, ಭುಜದ ಮೇಲೆ ಬಂದೂಕನ್ನೋ ಬರೆಸಿಕೊಳ್ಳುತ್ತಾರೆ. ಭೂಸೇನೆಯ ನೇಮಕಾತಿ ನಿಯಮದ ಪ್ರಕಾರ ಶಾಶ್ವತ ಹಚ್ಚೆಗೆ ಅನುಮತಿ ಇರುವುದು ಮೊಣಕೈಯಿಂದ ಮಣಿಕಟ್ಟಿನವರೆಗಿನ ಒಳಭಾಗದಲ್ಲಿ ಮತ್ತು ಹಸ್ತದ ಹಿಂಬದಿಯಲ್ಲಿ ಮಾತ್ರ. ಹಚ್ಚೆಯ ಸಂಪ್ರದಾಯವಿರುವ ಬುಡಕಟ್ಟು ಸಮುದಾಯಗಳಿಗೆ ರಿಯಾಯಿತಿ ಇದೆ. ಉಳಿದವರು ದೇಹದ ಬೇರಾವ ಭಾಗದಲ್ಲಿ ಹಾಕಿಸಿಕೊಂಡಿದ್ದರೂ ಆಯ್ಕೆಗೆ ಅಡ್ಡಿಯಾಗುತ್ತದೆ. ಚಿತ್ರ ರಾಷ್ಟ್ರಧ್ವಜದ್ದೇ ಆಗಿದ್ದರೂ ಅಷ್ಟೆ. ಗಡಿ ಭದ್ರತಾ ಪಡೆ, ಸಿಆರ್‌ಪಿಎಫ್ ಮೊದಲಾದ ಕೇಂದ್ರೀಯ ಪಡೆಗಳ ನಿಯಮ ಇನ್ನೂ ಬಿಗಿ: ವಂದನೆ ಸಲ್ಲಿಸುವುದು ಬಲಗೈಯಾದ್ದರಿಂದ ಮುಂಗೈಯ ಹಚ್ಚೆ ಎಡಗೈಯಲ್ಲಿ ಮಾತ್ರ ಇರಬೇಕು, ಆ ಅಂಗಭಾಗದ ಕಾಲುಭಾಗಕ್ಕಿಂತ ಚಿಕ್ಕದಾಗಿರಬೇಕು. ದೇಶಕ್ಕಾಗಿ ಬರೆಸಿಕೊಂಡ ಚಿತ್ರವೇ ದೇಶಸೇವೆಯ ಬಾಗಿಲು ಮುಚ್ಚುವುದು ಎಂಥ ವಿಪರ್ಯಾಸ! ಹಚ್ಚೆಗೆ ಮೊದಲು ಆಯಾ ವರ್ಷದ ಅಧಿಸೂಚನೆಯನ್ನು ಓದಲು ಹತ್ತು ನಿಮಿಷ ಸಾಕು.

ಎದೆ ಮತ್ತು ಭುಜಗಳ ಕುರಿತು ಇನ್ನೊಂದು ಮಾತು ಹೇಳಬೇಕು. ಕೀಲಾಯ್ಡ್ ಎಂಬ ಉಬ್ಬುಗಾಯದ ಕಲೆ ಹೆಚ್ಚಾಗಿ ಏಳುವುದು ಎದೆಯ ನಡುವೆ, ಭುಜ ಹಾಗೂ ತೋಳಿನ ಮೇಲ್ಭಾಗದಲ್ಲಿಯೇ. ಕಿವಿ ಚುಚ್ಚಿಸಿದಾಗ ಗಂಟು ಕಟ್ಟಿದವರು, ಹಳೆಯ ಗಾಯದ ಕಲೆ ದಪ್ಪಗೆ ಬೆಳೆದವರು ಅಲ್ಲಿ ಹಚ್ಚೆ ಹಾಕಿಸಿಕೊಳ್ಳಲೇಬಾರದು. ಸೋರಿಯಾಸಿಸ್, ತೊನ್ನು ಇರುವವರಿಗೆ ಚುಚ್ಚಿದ ಜಾಗದಲ್ಲಿಯೇ ಹೊಸ ಮಚ್ಚೆ ಏಳಬಹುದು. ಹತೋಟಿಗೆ ಬಾರದ ಮಧುಮೇಹವಿದ್ದರೆ ಗಾಯ ಮಾಯುವುದು ತಡ. ಹುಟ್ಟುಮಚ್ಚೆಯ ಮೇಲೆ ಬಣ್ಣ ಹಾಕಿದರೆ ಮುಂದೆ ಅದರಲ್ಲಾಗುವ ಬದಲಾವಣೆ ವೈದ್ಯರಿಗೂ ಕಾಣದಂತಾಗುತ್ತದೆ.

ಇಷ್ಟಾದರೂ ಹಾಕಿಸಿಕೊಳ್ಳಲು ನಿರ್ಧರಿಸಿದವರು ಮೊದಲು ಹೆಪಟೈಟಿಸ್ ಬಿ ಲಸಿಕೆಯ ಮೂರು ವರಸೆಗಳನ್ನು ಪೂರೈಸಿಕೊಳ್ಳಬೇಕು. ಹೆಪಟೈಟಿಸ್ ಸಿಗೆ ಲಸಿಕೆಯಿಲ್ಲ. ಅಂಗಡಿಯವರು ಹೊಸ ಸೂಜಿಯ ಪೊಟ್ಟಣವನ್ನು ಎದುರಿಗೇ ಒಡೆಯಬೇಕು, ಶಾಯಿಯನ್ನು ಒಬ್ಬರಿಗೆ ಒಂದು ಬಟ್ಟಲಿನಂತೆ ಸುರಿದು ಉಳಿದದ್ದನ್ನು ಚೆಲ್ಲಬೇಕು, ಕೈಗವಸನ್ನು ಬದಲಿಸಬೇಕು. ಇವನ್ನು ಕೇಳಲು ಸಂಕೋಚಪಡಬೇಕಾದ ಕಾರಣವಿಲ್ಲ. ಆನಂತರ ಕುದಿಸಿ ಆರಿಸಿದ ನೀರು ಮತ್ತು ಸೌಮ್ಯವಾದ ಸಾಬೂನಿನಿಂದ ತೊಳೆಯುತ್ತ, ಎರಡು ಮೂರು ವಾರ ಕೆರೆ, ಕಲ್ಯಾಣಿ, ಈಜುಕೊಳಗಳಲ್ಲಿ ಮುಳುಗದೆ ಇರಬೇಕು. ಗಾಯಕ್ಕೆ ಬೂದಿ, ಅರಿಶಿನದ ಪುಡಿ ಮೆತ್ತುವುದು ಬೇಡ. ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು.

ಅಳಿಸುವುದು ಹಾಕಿಸುವುದಕ್ಕಿಂತ ಬಹಳ ಕಷ್ಟ, ಬಹಳ ದುಬಾರಿ. ಲೇಸರ್ ಕಿರಣಗಳಿಂದ ಬಣ್ಣವನ್ನು ಪುಡಿಮಾಡಿ ದೇಹವೇ ಹೊರಹಾಕುವಂತೆ ಮಾಡುವ ಈ ಚಿಕಿತ್ಸೆಗೆ ಆರೇಳು ವಾರಗಳ ಅಂತರದಲ್ಲಿ ಹಲವು ಸರದಿಗಳು ಬೇಕು. ಕಪ್ಪು ಬೇಗ ಕರಗುತ್ತದೆ. ಹಸಿರು ಮತ್ತು ಹಳದಿ ಹಟ ಹಿಡಿಯುತ್ತವೆ. ಬಿಳಿ ಬಣ್ಣದ ಕಥೆಯೇ ಬೇರೆ. ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ಲೇಸರ್ ತಗುಲಿದೊಡನೆ ಕಪ್ಪಾಗಬಹುದು. ಧ್ವಜದ ಬಿಳಿಪಟ್ಟಿ ಅಳಿಯುವ ಬದಲು ಕಪ್ಪುಪಟ್ಟಿಯಾಗಿ ಉಳಿದೀತು.

ಈಗಾಗಲೇ ಜಾತ್ರೆಯಲ್ಲೋ ರಸ್ತೆಬದಿಯಲ್ಲೋ ಹಾಕಿಸಿಕೊಂಡವರು ಗಾಬರಿಗೊಳ್ಳದೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ರಕ್ತಪರೀಕ್ಷೆಗಳನ್ನು ಮಾಡಿಸಿಕೊಳ್ಳಬೇಕು. ಸೋಂಕು ತಗಲಿದ ಮೊದಲ ವಾರಗಳಲ್ಲಿ ಪರೀಕ್ಷೆ ತಪ್ಪಾಗಿ ನಿರಾಳವೆಂದು ತೋರಿಸಬಹುದಾದ್ದರಿಂದ ಆರು ತಿಂಗಳಾದ ಮೇಲೆ ಮತ್ತೊಮ್ಮೆ ಮಾಡಿಸುವುದು ಒಳಿತು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿಗಳ ಪರೀಕ್ಷೆ, ಚಿಕಿತ್ಸೆಗಳು ಸರ್ಕಾರಿ ಕೇಂದ್ರಗಳಲ್ಲಿ ಉಚಿತ. ಹೆಪಟೈಟಿಸ್ ಸಿ ಇಂದು ಸಾಮಾನ್ಯವಾಗಿ ಮೂರು ತಿಂಗಳ ಮಾತ್ರೆಗಳಿಂದ ವಾಸಿಯಾಗುತ್ತದೆ. ಹಚ್ಚೆ ಹಾಕಿಸಿಕೊಂಡ ದಿನದಿಂದ ಹನ್ನೆರಡು ತಿಂಗಳು ರಕ್ತದಾನ ಮಾಡುವಂತಿಲ್ಲ. ರಾಷ್ಟ್ರೀಯ ಹಬ್ಬಗಳಂದು ನಡೆಯುವ ರಕ್ತದಾನ ಶಿಬಿರಗಳಿಗೆ ಬರುವ ತರುಣರು ತಮ್ಮ ಹಚ್ಚೆಯ ದಿನಾಂಕವನ್ನು ಮುಚ್ಚಿಡದೆ ಅಲ್ಲಿನ ವೈದ್ಯರಿಗೆ ತಿಳಿಸಬೇಕು.