ಮಳೆನಾಡಿನ ಮನೆವಾರ್ತೆ

ಮನೆವಾರ್ತೆಯ ಮಾತು ಗ್ರಂಥಕ್ಕೆ ತಕ್ಕುದಲ್ಲವೆಂದು ನಮ್ಮ ಹಳೆಯ ಕವಿಗಳು ಎಣಿಸಿರಲಿಲ್ಲ. ಕ್ರಿ. ಶ. 1025ರ ಸುಮಾರಿನಲ್ಲಿ ಚಾಲುಕ್ಯರ ಆಶ್ರಯದಲ್ಲಿದ್ದ ಇಮ್ಮಡಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಜ್ಯೋತಿಷ, ವಾಸ್ತು, ವೃಕ್ಷಾಯುರ್ವೇದಗಳ ಪಂಕ್ತಿಯಲ್ಲಿ ಅಡುಗೆಗೂ ಒಂದು ಎಲೆ ಹಾಕಿದನು. 16ನೆಯ ಶತಮಾನದ ಮುಮ್ಮಡಿ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ರಚಿಸಿದನು. ಆದರೆ ಮೂಡಿಗೆರೆ, ಕೊಟ್ಟಿಗೆಹಾರ, ಕಳಸಗಳ ಕಡೆಯ ಮನೆಗಳಲ್ಲಿ ಬಳಕೆಯಲ್ಲಿದ್ದ ಉಪಾಯಗಳು ಬಹುಮಟ್ಟಿಗೆ ಬರಹಕ್ಕೆ ಇಳಿಯಲಿಲ್ಲ. ಅವು ಅತ್ತೆಯ ಬಾಯಿಂದ ಸೊಸೆಯ ಕಿವಿಗೆ ಬಂದವು. ಅದೂ ಹೆಚ್ಚಾಗಿ ಗದರಿಕೆಯ ರೂಪದಲ್ಲಿ. “ಒದ್ದೆ ಕೈಯಲ್ಲಿ ಭರಣಿ ಮುಟ್ಟಬೇಡ”, “ಉಪ್ಪನ್ನು ಒಲೆಯ ಹತ್ತಿರ ಇಡು” ಎಂದು ಅಪ್ಪಣೆಯಾಗುತ್ತಿತ್ತೇ ಹೊರತು, ಏಕೆಂದು ಹೇಳುವ ರೂಢಿ ಇರಲಿಲ್ಲ. ಆ ‘ಏಕೆ’ಯನ್ನು ಸ್ವಲ್ಪ ವಿಚಾರಿಸುವುದು ಈ ಭಾಷಣದ ಉದ್ದೇಶ.

ಬಿಡಿಬಿಡಿಯಾಗಿ ಕಾಣುವ ಈ ಉಪಾಯಗಳಿಗೆಲ್ಲ ಶತ್ರು ಒಂದೇ, ಅದು ತೇವ. ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹಿಡಿಯಿತೆಂದರೆ ಸೆಪ್ಟೆಂಬರಿನವರೆಗೆ ಬಿಸಿಲನ್ನು ನಂಬುವಂತಿಲ್ಲ. ಹಿಂದೆ ಹಳ್ಳ ಉಕ್ಕಿದರೆ ಒಂಟಿ ಮನೆಗಳಿಗೆ ಸಂತೆಯ ದಾರಿಯೇ ಕಡಿದುಹೋಗುತ್ತಿತ್ತು. ನಾಲ್ಕು ತಿಂಗಳ ದಿನಸಿ ಮನೆಯೊಳಗೇ ಕೆಡದೆ ಉಳಿಯಬೇಕು. ಕೆಟ್ಟರೆ ಮಕ್ಕಳು ಅರೆಹೊಟ್ಟೆ ಮಲಗಬೇಕು. ಗದರಿಕೆಯ ಹಿಂದೆ ಇದ್ದದ್ದು ಈ ಭಯ.

ಮೊದಲ ಸಿದ್ಧತೆ ಬೇಸಗೆಯಲ್ಲಿ. ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ ಎಲ್ಲವೂ ಅಂಗಳದ ಬಿಸಿಲನ್ನು ಉಂಡು ಡಬ್ಬಿ ಸೇರಬೇಕು. ಒಣಗಿತೋ ಇಲ್ಲವೋ ಎಂಬುದಕ್ಕೆ ಕೈ ಕಿವಿಗಳೇ ಅಳತೆ. ಹಪ್ಪಳ ಬಗ್ಗಬಾರದು, ಟಕ್ಕನೆ ಮುರಿಯಬೇಕು. ಕಾಫಿಯ ಕಣದಲ್ಲಿಯೂ ಇದೇ ನ್ಯಾಯ: ಒಣಗಿದ ಕಾಫಿಹಣ್ಣನ್ನು ಮುಷ್ಟಿಯಲ್ಲಿ ಹಿಡಿದು ಅಲುಗಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ತೇವ ಉಳಿದಿದ್ದರೆ ಬೀಜವು ಸಿಪ್ಪೆಗೆ ಅಂಟಿಕೊಂಡು ಮೌನವಾಗಿರುತ್ತದೆ. ತೇವಗೊಂಡ ಕಾಳಿಗೆ ಹುಳು ಬೇಗ ಬೀಳುವುದರಿಂದ ತೊಗರಿಗೆ, ಹೆಸರಿಗೆ ಹರಳೆಣ್ಣೆ ಸವರಿ ಇಡುತ್ತಿದ್ದರು. ಕಾಳಿನ ಮೇಲೆ ಹುಳು ಇಟ್ಟ ಮೊಟ್ಟೆಗೆ ಎಣ್ಣೆಯ ಪೊರೆ ಮುಚ್ಚಿ, ಗಾಳಿ ಸಿಕ್ಕದೆ ಅದು ಸಾಯುತ್ತದೆ.

ಮಾವಿನ ಮಿಡಿಯ ಭರಣಿಯಲ್ಲಿ ಈ ವಿದ್ಯೆ ಇನ್ನೂ ಸೂಕ್ಷ್ಮವಾಗಿದೆ. ಉಪ್ಪು ಮಿಡಿಯೊಳಗಿನ ನೀರನ್ನು ಹೊರಕ್ಕೆ ಎಳೆಯುತ್ತದೆ, ಮಿಡಿ ಸುಕ್ಕುಗಟ್ಟುತ್ತದೆ. ಅಷ್ಟು ಉಪ್ಪಿನಲ್ಲಿ ಬೂಸ್ಟು ಬದುಕಲಾರದು. ಆದರೆ ಒದ್ದೆ ಕೈಯಿಂದ ನಾಲ್ಕು ಹನಿ ನೀರು ಬಿದ್ದರೆ ಮೇಲ್ಭಾಗದಲ್ಲಿ ಉಪ್ಪು ತೆಳುವಾಗಿ, ಬೂಸ್ಟಿಗೆ ಬಾಗಿಲು ತೆರೆದಂತಾಗುತ್ತದೆ. ಅತ್ತೆಯ ಗದರಿಕೆಗೆ ಮಡಿಯಷ್ಟೇ ಕಾರಣವಾಗಿರಲಿಲ್ಲ.

ಬಿಸಿಲು ಮರೆಯಾದ ಮೇಲೆ ಆಸರೆ ಒಲೆಯದು. ಅದರ ಮೇಲಿನ ಅಟ್ಟವೇ ಮಳೆಗಾಲದ ಅಂಗಳ. ಉಪ್ಪಾಗೆಯ ಹಣ್ಣು ಮಳೆಯಲ್ಲಿಯೇ ಮಾಗುವುದರಿಂದ ಅದರ ಸಿಪ್ಪೆ ಬೆಂಕಿಯ ಕಾವಿನಲ್ಲಿ, ಹೊಗೆಯಲ್ಲಿ ಒಣಗಬೇಕು. ಬಣ್ಣದ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಒಂದಕ್ಕೊಂದು ತಗಲದಂತೆ ತೊಲೆಗೆ ತೂಗುಹಾಕುತ್ತಿದ್ದರು. ಸುತ್ತಲೂ ಗಾಳಿಯಾಡುತ್ತದೆ, ಒಂದು ಕೊಳೆತರೂ ಪಕ್ಕದ್ದಕ್ಕೆ ಕೊಳೆ ಹತ್ತುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯದೆಲ್ಲ ಹೊನ್ನೆಂದು ಭಾವಿಸಬಾರದು. ಅಟ್ಟವನ್ನು ಕಾಯ್ದ ಹೊಗೆಯೇ ಹೆಂಗಸರ ಕಣ್ಣನ್ನೂ ಶ್ವಾಸಕೋಶವನ್ನೂ ಕೆಡಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಅಸ್ತ್ರ ಒಲೆ’ ಹೊಗೆಯನ್ನು ಕೊಳವೆಯ ಮೂಲಕ ಹೊರಗೆ ಕಳುಹಿಸಿದ್ದು ದೊಡ್ಡ ಉಪಕಾರ. ಬೂಸ್ಟು ಹಿಡಿದ ಕಡಲೆಕಾಯಿ, ಕೊಬ್ಬರಿಗಳನ್ನು ಒರೆಸಿ ಬಳಸುವ ಮಿತವ್ಯಯವನ್ನಂತೂ ಇಂದು ಕೈಬಿಡಲೇಬೇಕು. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಸ್ಟು ಹಿಡಿದ ಕಡಲೆಕಾಯಿ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿಕೋಳಿಗಳು ಸತ್ತವು. ಅದರ ಬೆನ್ನು ಹಿಡಿದು ಹೊರಟ ಸಂಶೋಧನೆಯಿಂದ ಅಫ್ಲಟಾಕ್ಸಿನ್ ಎಂಬ ವಿಷ ಪತ್ತೆಯಾಯಿತು. ಅದು ಯಕೃತ್ತಿಗೆ ಕೇಡು. ಒರೆಸಿದರೆ ಹೋಗದು, ಮನೆಯ ಅಡುಗೆಯ ಕಾವಿಗೆ ಪೂರ್ತಿ ನಾಶವೂ ಆಗದು.

ಕಾರಣವನ್ನು ಮರೆತು ಅಪ್ಪಣೆಯನ್ನು ಮಾತ್ರ ಉಳಿಸಿಕೊಂಡರೆ ಏನಾಗುತ್ತದೆ ಎಂಬುದಕ್ಕೆ ಉಪ್ಪೇ ಸಾಕ್ಷಿ. ಗಾಳಿಯ ತೇವಾಂಶ ಶೇಕಡಾ 75ನ್ನು ಮೀರಿತೆಂದರೆ ಉಪ್ಪು ನೀರನ್ನು ಹೀರಿ ಕರಗತೊಡಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದು ನಿತ್ಯದ ಸ್ಥಿತಿ. ಕಟ್ಟಿಗೆಯ ಒಲೆ ಕೆಂಡದಿಂದಾಗಿ ದಿನವಿಡೀ ಬೆಚ್ಚಗಿರುತ್ತಿತ್ತು. ಅದರ ಬಳಿಯ ಗಾಳಿ ಒಣಗಿರುತ್ತಿತ್ತು, ಉಪ್ಪಿನ ಮರಿಗೆ ಅಲ್ಲಿ ಕ್ಷೇಮವಾಗಿತ್ತು. ಗ್ಯಾಸಿನ ಒಲೆಯಾದರೋ ಆರಿಸಿದೊಡನೆ ತಣ್ಣಗಾಗುತ್ತದೆ. ಉರಿಯುವಾಗ ಅನಿಲದಿಂದಲೇ ನೀರಾವಿ ಹುಟ್ಟುತ್ತದೆ. ಅನ್ನದ ಹಬೆಯೂ ಅದಕ್ಕೆ ಜೊತೆಯಾಗುತ್ತದೆ. ಅದರ ಪಕ್ಕದಲ್ಲಿ ಉಪ್ಪಿಟ್ಟರೆ, ಅತ್ತೆಯ ಮಾತನ್ನು ಅಕ್ಷರಶಃ ಪಾಲಿಸಿಯೂ ಉಪ್ಪನ್ನು ಕಳೆದುಕೊಂಡಂತೆ. ಇಂದು ಅದರ ಸ್ಥಾನ ಒಲೆಯಿಂದ ದೂರ, ಬಿಗಿಯಾದ ಮುಚ್ಚಳದ ಜಾಡಿಯಲ್ಲಿ. ಹುರಿದ ಕಾಫಿಪುಡಿಗೂ ಇದೇ ಮಾತು: ವಾರಕ್ಕೆ ಬೇಕಾದಷ್ಟನ್ನೇ ಹುರಿದು ಪುಡಿ ಮಾಡಿಸಿ, ಗಾಳಿಯಾಡದ ಡಬ್ಬಿಯಲ್ಲಿಡಬೇಕು.

ಹೀಗೆ ನೋಡಿದರೆ, ಹಿರಿಯ ಹೆಂಗಸರು ನಮಗೆ ಬಿಟ್ಟುಹೋದದ್ದು ಗಾಳಿಯ, ನೀರಿನ, ಕಾವಿನ ತಿಳಿವಳಿಕೆ. ಒಲೆ ಬದಲಾದಂತೆ ಉಪಾಯ ಬದಲಾಗಬಹುದು. ಅದರ ಹಿಂದಿನ ಕಾರಣ ಬದಲಾಗುವುದಿಲ್ಲ. ಮನೆಯಲ್ಲಿ ಇನ್ನೂ ಅಂಥ ಹಿರಿಯರಿದ್ದರೆ ಈ ಮಳೆಗಾಲದಲ್ಲಿ ಅವರ ಬಳಿ ಕುಳಿತು, ಹೇಗೆ ಎಂಬುದರ ಜೊತೆಗೆ ಏಕೆ ಎಂಬುದನ್ನೂ ಕೇಳಿ, ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.