ಕಾರಿನೊಳಗೊಬ್ಬ ಸಾಕ್ಷಿ: ಕ್ಯಾಮೆರಾ ಇಡುವ ಮೊದಲು ನಾಲ್ಕು ಮಾತು

ಹತ್ತು ವರ್ಷದ ಹಿಂದೆ ನನ್ನ ಬಳಿ ಕಲಿತ ಹುಡುಗನೊಬ್ಬ ಈಗ ಟೂರಿಸ್ಟ್ ಕಾರು ಓಡಿಸುತ್ತಾನೆ. ಗಲ್ಫಿಗೆ ಹೋಗುವವರನ್ನು ಬಜ್ಪೆ ವಿಮಾನ ನಿಲ್ದಾಣಕ್ಕೆ ಬಿಡುವುದು, ಬರುವವರನ್ನು ಮನೆಗೆ ಮುಟ್ಟಿಸುವುದು ಅವನ ದುಡಿಮೆ. ಒಂದು ಶುಕ್ರವಾರ ಜುಮಾ ಮುಗಿದ ಮೇಲೆ ಎಲ್ಲರೂ ಹೋಗುವವರೆಗೆ ಮಸೀದಿಯ ಮೆಟ್ಟಿಲ ಬಳಿ ಕಾದು ನಿಂತಿದ್ದ. ಮುಖ ಸಣ್ಣದಾಗಿತ್ತು.

ವಿಷಯ ಇಷ್ಟು. ರಾತ್ರಿ ಎರಡೂವರೆ ಗಂಟೆಗೆ ಪ್ರಯಾಣಿಕರನ್ನು ಬಿಟ್ಟು ಖಾಲಿ ಕಾರಿನಲ್ಲಿ ವಾಪಸ್ ಬರುವಾಗ ಹೆದ್ದಾರಿಯಲ್ಲಿ ತಪಾಸಣೆಗೆ ನಿಲ್ಲಿಸಿದರು. ಕಾಗದಪತ್ರ ಎಲ್ಲ ಸರಿ ಇತ್ತು. ಆದರೆ ಮಾತಿಗೆ ಮಾತು ಬೆಳೆಯಿತು. ಎಲ್ಲಿಂದ ಬಂದೆ, ಹೆಸರೇನು, ಡಿಕ್ಕಿಯಲ್ಲಿ ಎಂತ ಉಂಟು ಎಂಬಲ್ಲಿಂದ ಸುರುವಾಗಿ ಬೈಗುಳಕ್ಕೆ ಹೋಯಿತು ಎಂದು ಇವನು ಹೇಳುತ್ತಾನೆ. ಬೈದದ್ದು ಇವನೇ, ಕರ್ತವ್ಯಕ್ಕೆ ಅಡ್ಡಿ ಮಾಡಿದ್ದಾನೆ ಎಂದು ಅವರು ಹೇಳುತ್ತಾರೆ. ಮರುದಿನ ಹಿರಿಯರೊಬ್ಬರನ್ನು ಕರೆದುಕೊಂಡು ಠಾಣೆಗೆ ಹೋದಾಗ ಕೇಳಿದ ಪ್ರಶ್ನೆ ಒಂದೇ: "ಸಾಕ್ಷಿ ಯಾರಿದ್ದಾರೆ?" ಯಾರೂ ಇರಲಿಲ್ಲ. ಕಾರಿನಲ್ಲಿದ್ದವರು ಅಷ್ಟೊತ್ತಿಗೆ ದುಬೈಯಲ್ಲಿ ಇಳಿದಾಗಿತ್ತು.

"ಉಸ್ತಾದರೇ, ಪೆನ್ನಿನ ಹಾಗೆ ಇರುವ ಕ್ಯಾಮೆರಾ ಉಂಟಂತೆ. ಕಿಸೆಯಲ್ಲಿಟ್ಟರೆ ಯಾರಿಗೂ ಗೊತ್ತಾಗುದಿಲ್ಲ. ತೆಗೆದುಕೊಳ್ಳಲಾ?" ಎಂದು ಕೇಳಿದ. ನನಗೆ ಆಗ ಉತ್ತರ ಗೊತ್ತಿರಲಿಲ್ಲ. ಒಂದು ವಾರ ಸಮಯ ಕೊಡು ಎಂದೆ. ವಕೀಲ ಗೆಳೆಯರಲ್ಲಿ ಕೇಳಿದೆ, ಕಾರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕುಳಿತೆ. ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರಾತ್ರಿ ಗಾಡಿ ಓಡಿಸುವ ಮಗ ಇರುವ ಮನೆ ನಮ್ಮಲ್ಲಿ ಒಂದೆರಡಲ್ಲ.

ಚಿತ್ರೀಕರಣ ತಪ್ಪೇ?

ಮೊದಲು ಈ ಭಯ ಬಿಡಬೇಕು. ಸಾರ್ವಜನಿಕ ರಸ್ತೆಯಲ್ಲಿ ಕರ್ತವ್ಯದಲ್ಲಿರುವ ಪೊಲೀಸರನ್ನು ಚಿತ್ರೀಕರಿಸಬಾರದು ಎಂದು ನೇರವಾಗಿ ಹೇಳುವ ಕಾನೂನು ನಮ್ಮ ದೇಶದಲ್ಲಿಲ್ಲ. ಪೊಲೀಸ್ ಠಾಣೆಯೊಳಗೆ ವೀಡಿಯೊ ಮಾಡಿದ ಪ್ರಕರಣವೊಂದರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ, 1923ರ ಅಧಿಕೃತ ರಹಸ್ಯ ಕಾಯ್ದೆಯ ಪ್ರಕಾರ ಠಾಣೆ 'ನಿಷೇಧಿತ ಸ್ಥಳ' ಅಲ್ಲ ಎಂದು ಹೇಳಿತು. 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ಠಾಣೆಗಳಲ್ಲಿ ಧ್ವನಿಯೂ ದಾಖಲಾಗುವ ಸಿಸಿಟಿವಿ ಇರಬೇಕು ಎಂದು ಆದೇಶಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಂ, ಶೋಧ ಮತ್ತು ವಶಪಡಿಸಿಕೊಳ್ಳುವಿಕೆಯನ್ನು ಪೊಲೀಸರೇ ಧ್ವನಿ-ದೃಶ್ಯ ರೂಪದಲ್ಲಿ ದಾಖಲಿಸಬೇಕು ಎನ್ನುತ್ತದೆ. ಅಂದರೆ ಕಾನೂನು ಕ್ಯಾಮೆರಾಕ್ಕೆ ವಿರೋಧವಾಗಿಲ್ಲ.

ಆದರೆ ಕ್ಯಾಮೆರಾ ಹೆಸರಿನಲ್ಲಿ ಅಡ್ಡಿಪಡಿಸುವುದು ಬೇರೆ. ಫೋನನ್ನು ಅಧಿಕಾರಿಯ ಮುಖಕ್ಕೆ ಹಿಡಿಯುವುದು, ಹತ್ತಿರ ನುಗ್ಗುವುದು, ಕೇಳಿದ ಕಾಗದ ತೋರಿಸದೆ ವೀಡಿಯೊ ಮಾಡುತ್ತಾ ನಿಲ್ಲುವುದು, ಇವೆಲ್ಲ ಭಾರತೀಯ ನ್ಯಾಯ ಸಂಹಿತೆಯ 221ನೇ ಕಲಂಗೆ, ಅಂದರೆ ಸರಕಾರಿ ಕರ್ತವ್ಯಕ್ಕೆ ಅಡ್ಡಿ ಎಂಬ ಆರೋಪಕ್ಕೆ, ನಾವೇ ದಾರಿ ಮಾಡಿಕೊಟ್ಟಂತೆ. ಗಾಜಿಗೆ ಅಂಟಿಸಿದ ಸಣ್ಣ ಕ್ಯಾಮೆರಾದ ದೊಡ್ಡ ಗುಣ ಇದೇ. ಅದು ತಾನಾಗಿ ಓಡುತ್ತದೆ. ನಮ್ಮ ಎರಡೂ ಕೈ ಸ್ಟೇರಿಂಗ್ ಮೇಲೆ ಇರಬಹುದು.

ಬಚ್ಚಿಡುವುದಲ್ಲ, ಕಣ್ಣಿಗೆ ಚುಚ್ಚದಿರುವುದು

ಪೆನ್ ಕ್ಯಾಮೆರಾ, ಕೀ ಚೈನ್ ಕ್ಯಾಮೆರಾ ಬೇಡ ಎಂದೆ. ಕಾರಣ ಉಂಟು. ಅವುಗಳ ಬ್ಯಾಟರಿ ಬೇಗ ಮುಗಿಯುತ್ತದೆ, ರಾತ್ರಿ ಚಿತ್ರ ಮಸಿಯ ಹಾಗೆ ಬರುತ್ತದೆ, ದಿನಾಂಕ ಸಮಯ ಹೆಚ್ಚಾಗಿ ತಪ್ಪಾಗಿರುತ್ತದೆ. ಅಧಿಕಾರಿಯ ಕೈಗೆ ಸಿಕ್ಕಿದರೆ "ಕದ್ದು ಶೂಟಿಂಗ್ ಮಾಡ್ತಿದ್ದೀಯಾ" ಎಂದು ಸಂಶಯವೂ ಹೆಚ್ಚುತ್ತದೆ. ಇನ್ನೊಬ್ಬರ ದೋಷ ಹುಡುಕಿ ಇಣುಕುವುದನ್ನು, ತಜಸ್ಸುಸನ್ನು, ನಮಗೆ ನಿಷೇಧಿಸಲಾಗಿದೆ. ಸಾಕ್ಷಿ ಇಟ್ಟುಕೊಳ್ಳುವುದು ಬೇರೆ, ಹೊಂಚು ಹಾಕುವುದು ಬೇರೆ.

ಡ್ಯಾಶ್‌ಕ್ಯಾಮ್ ಹಾಗಲ್ಲ. ಸಾವಿರಾರು ಕಾರುಗಳಲ್ಲಿ ಇರುವ ಸಾಮಾನ್ಯ ವಸ್ತು ಅದು. ಪರದೆ ಇಲ್ಲದ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಕಪ್ಪು ಬಣ್ಣದ್ದನ್ನು ಒಳಗಿನ ಕನ್ನಡಿಯ ಹಿಂದೆ ಅಂಟಿಸಿದರೆ ಚಾಲಕನ ನೋಟಕ್ಕೂ ಅಡ್ಡವಿಲ್ಲ, ಯಾರನ್ನೂ ಕೆಣಕುವುದೂ ಇಲ್ಲ. ಯಾರಾದರೂ ಕೇಳಿದರೆ "ಹೌದು ಸಾರ್, ಕ್ಯಾಮೆರಾ" ಎಂದು ಧೈರ್ಯದಿಂದ ಹೇಳಬಹುದು.

ಇನ್ನೊಂದು ತಪ್ಪು ಮಾಡಬೇಡಿ. ಕ್ಯಾಮೆರಾ ಕಾಣಬಾರದು ಎಂದು ಗಾಜಿಗೆ ಕಪ್ಪು ಫಿಲ್ಮ್ ಹಾಕಿಸುವವರಿದ್ದಾರೆ. ಸುಪ್ರೀಂ ಕೋರ್ಟ್ 2012ರಲ್ಲೇ ಕಪ್ಪು ಫಿಲ್ಮ್ ನಿಷೇಧಿಸಿದೆ. ಹಾಕಿದರೆ ಗಾಡಿ ನಿಲ್ಲಿಸಲು ನಾವೇ ಕಾರಣ ಕೊಟ್ಟಂತೆ.

ಅಂಗಡಿಯಲ್ಲಿ ಕೇಳಬೇಕಾದದ್ದು

ಒಂದು: ಒಳಗೂ ನೋಡುವ ಕ್ಯಾಮೆರಾ ಉಂಟಾ? ಅಪಘಾತಕ್ಕೆ ಮುಂದೆ ನೋಡುವ ಕ್ಯಾಮೆರಾ ಸಾಕು. ಆದರೆ ಪೊಲೀಸರು ಬಂದು ನಿಲ್ಲುವುದು ಚಾಲಕನ ಕಿಟಕಿಯ ಹತ್ತಿರ. ಮುಂದೆ ಮಾತ್ರ ನೋಡುವ ಕ್ಯಾಮೆರಾದಲ್ಲಿ ಬ್ಯಾರಿಕೇಡ್ ಕಾಣುತ್ತದೆ, ಮಾತಾಡಿದವರು ಕಾಣುವುದಿಲ್ಲ. ಹಾಗಾಗಿ ಎರಡು ಕಣ್ಣಿನದ್ದು, ಒಳಗಿನ ಕಣ್ಣಿಗೆ ಕತ್ತಲಲ್ಲಿ ನೋಡುವ ಇನ್‌ಫ್ರಾರೆಡ್ ದೀಪ ಇರುವಂಥದ್ದು ಬೇಕು.

ಎರಡು: ಧ್ವನಿ ಹೇಗೆ ಬರುತ್ತದೆ? ಇಂಥ ಪ್ರಕರಣದಲ್ಲಿ ಚಿತ್ರಕ್ಕಿಂತ ಮಾತು ಮುಖ್ಯ. ಮೈಕ್ ಆನ್ ಇದೆಯೇ ಎಂದು ನೋಡಿಕೊಳ್ಳಬೇಕು.

ಮೂರು: ಎಂಜಿನ್ ಆಫ್ ಮಾಡಿದರೆ ಎಂತ ಆಗುತ್ತದೆ? ಇದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಸಿಗರೇಟ್ ಲೈಟರ್ ಸಾಕೆಟ್‌ಗೆ ಸಿಕ್ಕಿಸಿದ ಕ್ಯಾಮೆರಾ ಬಹುತೇಕ ಕಾರುಗಳಲ್ಲಿ ಕೀ ತಿರುಗಿಸಿದ ಕೂಡಲೇ ನಿಂತುಹೋಗುತ್ತದೆ. ತಪಾಸಣೆಯಲ್ಲಿ ಮೊದಲು ಹೇಳುವ ಮಾತೇ "ಗಾಡಿ ಆಫ್ ಮಾಡು". ಸಾಕ್ಷಿ ಬೇಕಾದ ಹೊತ್ತಿಗೆ ಸಾಕ್ಷಿ ನಿದ್ದೆ ಮಾಡಿತು! ಇದಕ್ಕೆ ಫ್ಯೂಸ್ ಬಾಕ್ಸ್‌ನಿಂದ ನೇರ ಕರೆಂಟ್ ಕೊಡುವ 'ಹಾರ್ಡ್‌ವೈರ್ ಕಿಟ್' ಹಾಕಿಸಬೇಕು. ಬ್ಯಾಟರಿ ಇಳಿಯುವ ಮೊದಲು ತಾನಾಗಿ ಕಡಿದುಕೊಳ್ಳುವ ವ್ಯವಸ್ಥೆ ಆ ಕಿಟ್‌ನಲ್ಲಿ ಇರಲಿ. ಅಷ್ಟು ಸಾಲದು. ಎಂಜಿನ್ ನಿಂತಾಗ ಕೆಲವು ಕ್ಯಾಮೆರಾಗಳು ಧ್ವನಿ ಇಲ್ಲದೆ, ಬಿಟ್ಟು ಬಿಟ್ಟು ಚಿತ್ರ ತೆಗೆಯುತ್ತವೆ. ನಿರಂತರ, ಧ್ವನಿ ಸಹಿತ ದಾಖಲಿಸುತ್ತದೆಯೇ ಎಂದು ಕೇಳಿ.

ನಾಲ್ಕು: ಬಿಸಿಲು ತಡೆಯುತ್ತದೆಯೇ? ನಮ್ಮ ಕರಾವಳಿಯ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಗಾಜು ಕಾವಲಿಯ ಹಾಗೆ ಕಾಯುತ್ತದೆ. ಒಳಗೆ ಲಿಥಿಯಂ ಬ್ಯಾಟರಿ ಇರುವುದಕ್ಕಿಂತ 'ಸೂಪರ್ ಕೆಪಾಸಿಟರ್' ಇರುವುದು ಒಳ್ಳೆಯದು.

ಐದು: ಕಾರ್ಡ್ ಎಷ್ಟು ದೊಡ್ಡದು? ಡ್ಯಾಶ್‌ಕ್ಯಾಮ್ ಚಿತ್ರವನ್ನು ಒಂದು, ಮೂರು ಅಥವಾ ಐದು ನಿಮಿಷದ ತುಂಡುಗಳಾಗಿ ಉಳಿಸುತ್ತದೆ. ಕಾರ್ಡ್ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ. 1080 ಪಿಕ್ಸೆಲ್ ಗುಣಮಟ್ಟದಲ್ಲಿ ಒಂದು ಕಣ್ಣಿಗೆ ಗಂಟೆಗೆ ಸುಮಾರು 6 ಜಿಬಿ ಎಂದು ಲೆಕ್ಕ ಹಿಡಿದರೆ, ಎರಡು ಕಣ್ಣಿಗೆ 12 ಜಿಬಿ. 64 ಜಿಬಿ ಕಾರ್ಡ್ ಐದು ಗಂಟೆಗೆ ಮುಗಿಯಿತು. ರಾತ್ರಿ ಎರಡೂವರೆಯ ಘಟನೆ ಮರುದಿನದ ಬಾಡಿಗೆಯಲ್ಲಿ ಅಳಿಸಿಹೋಗುತ್ತದೆ. ಬಾಡಿಗೆ ಗಾಡಿಗೆ 128 ಜಿಬಿಯಾದರೂ ಬೇಕು. 'ಹೈ ಎಂಡ್ಯೂರೆನ್ಸ್' ಎಂದು ಬರೆದಿರುವ ಕಾರ್ಡನ್ನು ಬಿಲ್ ಸಹಿತ ತೆಗೆದುಕೊಳ್ಳಿ. ನಕಲಿ ಕಾರ್ಡ್ ಬೇಕಾದಷ್ಟು ಉಂಟು.

ಆರು: ಲಾಕ್ ಬಟನ್ ಎಲ್ಲಿ? ಕ್ಯಾಮೆರಾದೊಳಗಿನ ಸೆನ್ಸರ್, ಗಾಡಿಗೆ ಪೆಟ್ಟು ಬಿದ್ದರೆ ಆ ತುಂಡನ್ನು ಅಳಿಸದಂತೆ ತಾನೇ ಕಾಪಾಡುತ್ತದೆ. ಆದರೆ ತಪಾಸಣೆಗೆ ನಿಲ್ಲಿಸಿದ್ದು ಅದಕ್ಕೆ ಗೊತ್ತಾಗುವುದಿಲ್ಲ. ನಾವೇ ಬಟನ್ ಒತ್ತಬೇಕು. ಗಾಡಿ ಬಿಟ್ಟ ಮೇಲೆ ಒತ್ತಿದರೆ ಕೊನೆಯ ತುಂಡು ಮಾತ್ರ ಉಳಿಯುವುದೂ ಉಂಟು. ಆದ್ದರಿಂದ ಬ್ಯಾರಿಕೇಡ್ ಕಂಡು ನಿಧಾನ ಮಾಡುವಾಗ ಒಮ್ಮೆ, ಹೊರಡುವಾಗ ಒಮ್ಮೆ ಒತ್ತುವ ರೂಢಿ ಒಳ್ಳೆಯದು.

ಹಾಕಿಸಿದ ದಿನ ರಾತ್ರಿ ಮನೆಯ ಅಂಗಳದಲ್ಲೇ ಪರೀಕ್ಷೆ ಮಾಡಿ. ಎಂಜಿನ್ ಆಫ್ ಮಾಡಿ, ತಮ್ಮನನ್ನು ಕಿಟಕಿಯ ಹೊರಗೆ ನಿಲ್ಲಿಸಿ ಮಾತಾಡಿಸಿ. ಆಮೇಲೆ ಫೋನಿಗೆ ಹಾಕಿ ನೋಡಿ. ಮುಖ ಕಾಣುತ್ತದಾ, ಮಾತು ಕೇಳುತ್ತದಾ, ದಿನಾಂಕ ಸಮಯ ಸರಿ ಉಂಟಾ? ಹತ್ತು ನಿಮಿಷದ ಕೆಲಸ. ಇದು ಮಾಡದಿದ್ದರೆ ಕೊಟ್ಟ ಸಾವಿರಾರು ರೂಪಾಯಿ ನೀರಲ್ಲಿ ಹೋದಂತೆ.

ಮನೆಯವರ ಮರ್ಯಾದೆ

ಒಳಗೆ ನೋಡುವ ಕ್ಯಾಮೆರಾ ಎಂದರೆ ನಮ್ಮ ಮನೆಯ ಹೆಂಗಸರು, ಮಕ್ಕಳೂ ಅದರಲ್ಲಿ ಬರುತ್ತಾರೆ. ಕಾರಿನಲ್ಲಿ ಆಡಿದ ಸಂಸಾರದ ಮಾತೆಲ್ಲ ಕಾರ್ಡಿನಲ್ಲಿ ಉಳಿಯುತ್ತದೆ. ಒಳಗಿನ ಕಣ್ಣನ್ನು ಚಾಲಕನ ಕಿಟಕಿಯ ಕಡೆಗೆ ತಿರುಗಿಸಲು ಬರುವಂಥದ್ದನ್ನೇ ಆರಿಸಿ. ಕುಟುಂಬದ ಪ್ರಯಾಣದಲ್ಲಿ ಮೈಕ್ ಆಫ್ ಮಾಡುವುದಾದರೆ, ತಪಾಸಣೆ ಕಂಡಾಗ ಆನ್ ಮಾಡಲು ನೆನಪಿರಲಿ. ಬಾಡಿಗೆ ಗಾಡಿಯಾದರೆ 'ಈ ವಾಹನದಲ್ಲಿ ಕ್ಯಾಮೆರಾ ಇದೆ' ಎಂದು ಸಣ್ಣ ಚೀಟಿ ಅಂಟಿಸಿ. ಪ್ರಯಾಣಿಕರಿಗೆ ಅದು ತಿಳಿಯಬೇಕಾದದ್ದು ನ್ಯಾಯ. ಗಾಡಿಯನ್ನು ಸರ್ವಿಸ್‌ಗೆ ಕೊಡುವಾಗ, ಮಾರುವಾಗ ಕಾರ್ಡ್ ತೆಗೆದಿಟ್ಟುಕೊಳ್ಳಿ.

ನಿಲ್ಲಿಸಿದಾಗ

ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಲೇಬೇಕು, ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಹಾಗೆ ಹೇಳುತ್ತದೆ. 2018ರಿಂದ ಡಿಜಿಲಾಕರ್, ಎಂಪರಿವಾಹನ್ ದಾಖಲೆಗಳಿಗೂ ಮಾನ್ಯತೆ ಉಂಟು. ಬದಿಗೆ ನಿಲ್ಲಿಸಿ, ಒಳಗಿನ ದೀಪ ಹಾಕಿ, ಗಾಜು ಇಳಿಸಿ, ಕೈ ಕಾಣುವ ಹಾಗೆ ಇಡಿ. "ಸಾರ್, ಏನು ವಿಷಯ?" ಎಂದು ಕೇಳಿ. ಹೆಸರು ಫಲಕ ಕಂಡರೆ "ಸರಿ ಸಾರ್" ಎನ್ನುವಾಗ ಆ ಹೆಸರನ್ನೂ ಸೇರಿಸಿ ಹೇಳಿ, ಧ್ವನಿಯಲ್ಲಿ ದಾಖಲಾಗುತ್ತದೆ. ಡಿಕ್ಕಿ ತೆರೆಯಲು ಇಳಿಯಬೇಕಾದರೆ "ಡಿಕ್ಕಿ ತೆರೆಯುತ್ತಿದ್ದೇನೆ ಸಾರ್" ಎಂದು ಬಾಯಿ ಬಿಟ್ಟು ಹೇಳಿ. ಕ್ಯಾಮೆರಾಕ್ಕೆ ಅಲ್ಲಿ ಕಾಣುವುದಿಲ್ಲ, ಕೇಳುತ್ತದೆ. ದಂಡ ಹಾಕಿದರೆ ರಶೀದಿ ಕೇಳಿ. ಕ್ಯಾಮೆರಾ ಅಥವಾ ಕಾರ್ಡ್ ವಶಪಡಿಸಿಕೊಳ್ಳುತ್ತೇವೆ ಎಂದರೆ ಎಳೆದಾಡಬೇಡಿ, ಬರವಣಿಗೆಯಲ್ಲಿ ಕೊಡಿ ಎಂದು ಕೇಳಿ. ವಾದ ಮಾಡುವ ಜಾಗ ರಸ್ತೆಯಲ್ಲ.

ಆ ಹುಡುಗನನ್ನು ಇನ್ನೊಮ್ಮೆ ಕೂರಿಸಿ ಕೇಳಿದೆ, "ನಿಜ ಹೇಳು, ನೀನು ಎಂತ ಹೇಳಿದ್ದಿ?" ಸ್ವಲ್ಪ ಹೊತ್ತು ಸುಮ್ಮನಿದ್ದ. "ಸುಳ್ಳು ಹೇಳುದಿಲ್ಲ ಉಸ್ತಾದರೇ. ಮೊದಲು ಬೈದದ್ದು ಅವರೇ. ಆದರೆ ನಾನೂ ಒಂದೆರಡು ಮಾತು ಜೋರಾಗಿ ಹೇಳಿದ್ದೆ" ಎಂದ. ಆ ರಾತ್ರಿ ಕ್ಯಾಮೆರಾ ಇದ್ದಿದ್ದರೆ ಅದೂ ಅದರಲ್ಲಿ ಬರುತ್ತಿತ್ತು. ಕ್ಯಾಮೆರಾ ನಮ್ಮ ಕಡೆಯ ಸಾಕ್ಷಿ ಅಲ್ಲ, ನಡೆದದ್ದರ ಸಾಕ್ಷಿ. ಅದನ್ನು ಹಾಕಿಸುವವನು ಮೊದಲು ತನ್ನ ನಾಲಗೆಗೆ ಲಾಕ್ ಬಟನ್ ಒತ್ತಬೇಕು.

ವಾಟ್ಸ್‌ಆ್ಯಪ್‌ಗೆ ಹಾಕಬೇಡಿ

ಅನ್ಯಾಯ ಆಗಿದೆ ಎಂದಾದರೆ ಅದೇ ರಾತ್ರಿ ಕಾರ್ಡ್ ತೆಗೆದು ಲಕೋಟೆಯಲ್ಲಿ ಹಾಕಿ, ದಿನಾಂಕ ಬರೆದು ಇಡಿ. ಕ್ಯಾಮೆರಾಕ್ಕೆ ಬೇರೆ ಕಾರ್ಡ್ ಹಾಕಿ. ಮೂಲ ಕಾರ್ಡಿಗೆ ನ್ಯಾಯಾಲಯದಲ್ಲಿ ಇರುವ ಬೆಲೆ ನಕಲಿಗೆ ಸುಲಭದಲ್ಲಿ ಸಿಗದು. ನಕಲು ಕೊಡುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಅದನ್ನು ವಕೀಲರ ಮೂಲಕ ಮಾಡಿಸಿ. ಮಂಗಳೂರು ನಗರ ವ್ಯಾಪ್ತಿಯಾದರೆ ಪೊಲೀಸ್ ಕಮಿಷನರ್‌ಗೆ, ಜಿಲ್ಲೆಯ ಉಳಿದ ಕಡೆಯಾದರೆ ಎಸ್ಪಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಪರಿಹಾರ ಸಿಗದಿದ್ದರೆ ಪೊಲೀಸ್ ದೂರು ಪ್ರಾಧಿಕಾರ ಉಂಟು.

ಗ್ರೂಪಿಗೆ ಹಾಕುವ ಆಸೆ ಬರುತ್ತದೆ. ಬೇಡ ಮಾರಾಯ್ರೆ. ಕಳುಹಿಸುವಾಗ ವೀಡಿಯೊದ ಗುಣಮಟ್ಟ ಕುಗ್ಗುತ್ತದೆ. ಅದಕ್ಕಿಂತ ದೊಡ್ಡ ಅಪಾಯ, ಯಾರೋ ಅದನ್ನು ಅರ್ಧ ಕತ್ತರಿಸಿ ಬೇರೆ ತಲೆಬರಹ ಕೊಟ್ಟು ಹರಡುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅಂಥ ಒಂದು ತುಂಡು ಎಷ್ಟು ಬೆಂಕಿ ಹಚ್ಚಬಲ್ಲುದು ಎಂದು ನಿಮಗೆ ಹೇಳಬೇಕಾಗಿಲ್ಲ. ಆಮೇಲೆ ದೂರುದಾರನೇ ಆರೋಪಿಯಾಗುತ್ತಾನೆ.

ಗಲ್ಫಿನಲ್ಲಿರುವ ಮಕ್ಕಳಿಗೂ ಒಂದು ಮಾತು. ಇಲ್ಲಿ ಬರೆದದ್ದು ಇಲ್ಲಿಗೆ ಮಾತ್ರ. ಯುಎಇಯಲ್ಲಿ ಇನ್ನೊಬ್ಬರ ಒಪ್ಪಿಗೆ ಇಲ್ಲದೆ ಚಿತ್ರ ತೆಗೆದು ಹಂಚುವುದು 2021ರ ಸೈಬರ್ ಅಪರಾಧ ಕಾನೂನಿನ ಪ್ರಕಾರ ಅಪರಾಧ. ಅಲ್ಲಿಯ ನಿಯಮ ಅಲ್ಲಿ ಕೇಳಿ ತಿಳಿಯಿರಿ.

ಹುಡುಗ ಕೊನೆಗೆ ಎರಡು ಕಣ್ಣಿನ ಕ್ಯಾಮೆರಾ ಹಾಕಿಸಿದ. ಹಳೆಯ ಪ್ರಕರಣ ಇನ್ನೂ ಮುಗಿದಿಲ್ಲ, ಅದಕ್ಕೆ ಕ್ಯಾಮೆರಾದಿಂದ ಉಪಕಾರವೂ ಇಲ್ಲ. ಮೊನ್ನೆ ಮತ್ತೆ ನಿಲ್ಲಿಸಿದರಂತೆ. ಲೈಸೆನ್ಸ್ ನೋಡಿ, "ಹೋಗು" ಎಂದರಂತೆ. ಎರಡು ನಿಮಿಷ. ಲಾಕ್ ಮಾಡಿದ್ದನ್ನು ಮನೆಗೆ ಬಂದು ಅಳಿಸಿದ. ಅವನ ಉಮ್ಮ ಈಗಲೂ ಅವನು ಬರುವವರೆಗೆ ಮಲಗುವುದಿಲ್ಲ. ಹೊರಡುವಾಗ ಒಂದು ಮಾತು ಮಾತ್ರ ಹೆಚ್ಚಾಗಿದೆ: "ಮೋನೇ, ಕ್ಯಾಮೆರಾ ಆನ್ ಉಂಟಾ? ಜೋರು ಮಾತಾಡಬೇಡ."